ಗೊಟ್ಲಂಡಿನ ಮಣಿ, ವಡಾಲದ ಉಪ್ಪು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂಬುದು ಕಥೆಗಾರನಿಗೆ ಇನ್ನೂ ಬಗೆಹರಿದಿಲ್ಲ. ಸಾವಿರ ವರ್ಷದ ಹಿಂದಿನಿಂದ ಶುರು ಮಾಡಿದರೆ ಗಾಂಭೀರ್ಯ ಬರುತ್ತದೆ. ವಡಾಲದ ಚಾಳಿನಿಂದ ಶುರು ಮಾಡಿದರೆ ಗಲಾಟೆ ಬರುತ್ತದೆ. ಗಾಂಭೀರ್ಯವೇ ಇರಲಿ ಎಂದು ಮೊದಲ ಡ್ರಾಫ್ಟನ್ನು ಹೀಗೆ ಬರೆದ:

'ಒಂಬತ್ತನೆಯ ಶತಮಾನ. ಬಾಲ್ಟಿಕ್ ಸಮುದ್ರದ ಮೇಲೆ ಮಂಜು. ಹೆಡೆ ಎತ್ತಿದ ಹಾವಿನಂಥ ಮೂತಿಯ ಹಡಗೊಂದು ಗೊಟ್ಲಂಡ್ ದ್ವೀಪದ ದಡ ಮುಟ್ಟಿತು. ಕೆಂಪು ಗಡ್ಡದ ವೈಕಿಂಗ್ ವ್ಯಾಪಾರಿ ದಡಕ್ಕೆ ಹಾರಿ ಸೊಂಟದ ಚೀಲ ಬಿಚ್ಚಿದ. ಅದರೊಳಗೆ…'

(ಅಷ್ಟಕ್ಕೇ ನಿಂತಿತು. ಕಥೆಗಾರ ಹಿಮವೆಂದು ನೋಡಿದ್ದು ಮಾಟುಂಗಾದ ಬರ್ಫ್ ಗೋಲಾ ಗಾಡಿಯಲ್ಲಿ ಮಾತ್ರ. ಅದಕ್ಕೂ ಕಾಲಾಖಟ್ಟಾ ಶರಬತ್ತು ಸುರಿದಿದ್ದರು.)

"ಎಂತ ಮಾರಾಯ್ರೆ ಇದು? ನನ್ನ ಕಥೆ ಅಂತ ಹೇಳಿ ನನ್ನನ್ನು ಚಾಳಿನ ಗ್ಯಾಲರಿಯಲ್ಲಿ ನಿಲ್ಲಿಸಿದ್ದೀರಿ. ನೀವು ನೋಡಿದ್ರೆ ಯಾರೋ ಗಡ್ಡದವನ ಸೊಂಟ ತಡಕಾಡ್ತಾ ಇದ್ದೀರಲ್ಲ!"

ಹೀಗೆ ಜೋರು ಮಾಡಿದವಳು ಸೇವಂತಿ. ಕಥೆಯ ನಾಯಕಿ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾಳೆ. ಅವಳು ಹಾಗೆ ನಿಂತಾಗ ಎದುರು ಮಾತಾಡಿ ಗೆದ್ದವರು ಆ ಚಾಳಿನಲ್ಲಿ ಯಾರೂ ಇಲ್ಲ. ಆದ್ದರಿಂದ ಗಾಂಭೀರ್ಯಕ್ಕೆ ನಮಸ್ಕಾರ. ಗಡ್ಡದವನು ಚೀಲ ಹಿಡಿದುಕೊಂಡು ಅಲ್ಲೇ ನಿಂತಿರಲಿ.

೨

೧೯೭೩. ವಡಾಲ. ಹಾರ್ಬರ್ ಲೈನಿನ ರೈಲು ಹೋದಾಗಲೆಲ್ಲ ಗೋಡೆಯ ಮೇಲಿನ ತಟ್ಟೆಗಳು ನಡುಗುವ ಚಾಳು. ಎರಡನೇ ಮಾಳಿಗೆಯ ಒಂದು ಖೋಲಿಯಲ್ಲಿ ಸೇವಂತಿ ಒಬ್ಬಳೇ. ಊರು ಕಡಲತಡಿಯ ಕಾಪು. ಮದುವೆಯಾಗಿ ಮುಂಬಯಿಗೆ ಬಂದವಳು ಈಗ ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಔಷಧದ ಬಾಟ್ಲಿಗೆ ಲೇಬಲ್ ಅಂಟಿಸುತ್ತಾಳೆ. ಗಂಡ ಅಂಗಾರ ನಾರ್ವೆ ಕಂಪನಿಯ ಸಾಮಾನು ಹಡಗಿನಲ್ಲಿ ಖಲಾಸಿ. ಹಿಂದಿನ ವರ್ಷ ಗಣಪತಿ ಹಬ್ಬ ಕಳೆದ ಮೇಲೆ ಹೋದವನು.

ಹೋದವನು ಕಾಗದ ಬರೆಯುತ್ತಿದ್ದ. ರಾಟರ್‌ಡ್ಯಾಮ್, ಬರ್ಗೆನ್, ಇನ್ನೆಲ್ಲೆಲ್ಲಿಂದಲೋ. ಸೇವಂತಿ ಅದನ್ನು ಓದಿ, ಸ್ಟಾಂಪು ಕಿತ್ತು ಚಾಳಿನ ಮಕ್ಕಳಿಗೆ ಹಂಚುತ್ತಿದ್ದಳು. ಆ ವರ್ಷದ ಮಳೆ ಶುರುವಾಯಿತು, ಕಾಗದ ನಿಂತಿತು. ಮಳೆಗಾಲ ಪೂರ್ತಿ ಒಂದಕ್ಷರ ಇಲ್ಲ.

ಅವಳು ರಜೆ ಹಾಕಿ ಬಲಾರ್ಡ್ ಪಿಯರ್ ಹತ್ತಿರದ ಹಡಗು ಏಜೆಂಟರ ಆಫೀಸಿಗೆ ಹೋದಳು. ಅಲ್ಲಿಯ ಗುಮಾಸ್ತ ತಲೆ ಎತ್ತದೆ ಹೇಳಿದ: "ಸ್ವೀಡನ್ ಮೆ ಸೈನ್ ಆಫ್ ಹೋ ಗಯಾ. ಜಹಾಜ್ ಪೆ ನಹೀ ಹೈ."

"ಹಡಗಿನಲ್ಲಿಲ್ಲ ಅಂದ್ರೆ ಎಲ್ಲಿದ್ದಾರೆ?"

ಅದು ಅವನಿಗೂ ಗೊತ್ತಿರಲಿಲ್ಲ.

ಪಕ್ಕದ ಖೋಲಿಯ ರಾಜೀವಿಗೆ ಮಾತ್ರ ಗೊತ್ತಿತ್ತು. ರಾಜೀವಿಗೆ ಎಲ್ಲವೂ ಗೊತ್ತಿರುತ್ತದೆ. ಅವಳ ಗಂಡ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು, ಲೋಕದ ಸುದ್ದಿಯೆಲ್ಲ ಚಾದ ಜೊತೆಗೆ ಅವನಲ್ಲಿಗೆ ಬರುತ್ತಿತ್ತು. "ನಮ್ಮ ಮೂಲ್ಕಿಯ ಕಡೆಯವನೊಬ್ಬ ಹೀಗೇ ಇಳಿದು ಹೋದ, ಸೇವಂತಿ," ಅಂದಳು ರಾಜೀವಿ, ತಲೆಗೆ ಎಣ್ಣೆ ಹಚ್ಚಿಕೊಡುತ್ತಾ. "ಅಲ್ಲಿ ಬಿಳಿ ಹೆಂಡತಿ, ಎರಡು ಮಕ್ಕಳು. ಮತ್ತೆ ಹಡಗು ಹತ್ತಲೇ ಇಲ್ಲ. ಗಂಡಸರನ್ನು ನಂಬುದು ಹೇಗೆ ಹೇಳು."

ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ಎಣ್ಣೆ ಹಚ್ಚುವ ಕೈ ಮೆತ್ತಗೇ ಇತ್ತು. ಆದರೆ ಆ ರಾತ್ರಿಯಿಂದ ಸೇವಂತಿಯ ನಿದ್ದೆಯಲ್ಲಿ ಒಬ್ಬಳು ಬಿಳಿ ಹೆಂಗಸು ಬಂದು ಬಾಗಿಲ ಹೊರಗೆ ನಿಲ್ಲತೊಡಗಿದಳು. ಒಳಗೆ ಬರುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ.

೨ (ಮತ್ತೊಮ್ಮೆ, ಯಾಕೆಂದರೆ ಕಥೆಗಾರನಿಗೆ ಇಲ್ಲಿ ಒಂದು ಐಡಿಯಾ ಬಂತು)

ಎಪ್ಪತ್ತರ ದಶಕದ ಮುಂಬಯಿ ಎಂದ ಮೇಲೆ ಸ್ಮಗ್ಲಿಂಗ್ ಇಲ್ಲದಿದ್ದರೆ ಹೇಗೆ? ಅಂಗಾರನ ಬೂಟಿನ ಅಡಿಯಲ್ಲಿ ಚಿನ್ನದ ಬಿಸ್ಕತ್ತು ಇಡೋಣ. ಕಸ್ಟಮ್ಸಿನವರು ಬೆನ್ನು ಹತ್ತಲಿ. ಕಥೆಗಾರ ಬೂಟಿನ ಅಟ್ಟೆ ಸೀಳಿ ಚಿನ್ನ ತುಂಬಿಸಲು ಕೂತಿದ್ದ…

"ತೆಗೀರಿ ಅದನ್ನು," ಅಂದಳು ಸೇವಂತಿ. "ನನ್ನ ಗಂಡ ಸುಳ್ಳುಗಾರ ಇರಬಹುದು, ಅದು ನಾನು ನೋಡಿಕೊಳ್ತೇನೆ. ಕಳ್ಳ ಅಲ್ಲ."

ತೆಗೆದದ್ದಾಯಿತು. ಬೂಟೂ ಹಾಳು, ಡ್ರಾಫ್ಟೂ ಹಾಳು.

೩

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ಚಾಳಿನ ಬಾಗಿಲಿಗೆ ಟ್ಯಾಕ್ಸಿ ಬಂತು. ತಲೆಯ ಮೇಲೆ ಕಬ್ಬಿಣದ ಟ್ರಂಕು. ಆಡುತ್ತಿದ್ದ ಮಕ್ಕಳು ಆಟ ಬಿಟ್ಟು ಓಡಿದವು. "ಅಂಗಾರ ಅಂಕಲ್ ಆಗಯಾ! ಫಾರಿನ್ ಸೆ ಆಗಯಾ!" ಮೂರೂ ಮಾಳಿಗೆಯ ಗ್ಯಾಲರಿಗಳು ಒಂದೇ ಉಸಿರಿನಲ್ಲಿ ತುಂಬಿದವು. ಒಣಗಲು ಹಾಕಿದ ಬಟ್ಟೆಗಳನ್ನು ಸರಿಸಿ ತಲೆಗಳು ಇಣುಕಿದವು.

ಟ್ಯಾಕ್ಸಿಯಿಂದ ಮೊದಲು ಒಂದು ಊರುಗೋಲು ಇಳಿಯಿತು. ಆಮೇಲೆ ಅಂಗಾರ.

ಮಳೆಗಾಲ ಪೂರ್ತಿ ಸೇವಂತಿ ರೈಲಿನಲ್ಲಿ ನಿಂತು, ಲೇಬಲ್ ಅಂಟಿಸುತ್ತಾ, ಅನ್ನ ಬಸಿಯುತ್ತಾ ಗಂಡನಿಗೆ ಹೇಳಬೇಕಾದ ಮಾತುಗಳನ್ನು ಮಸೆದು ಇಟ್ಟುಕೊಂಡಿದ್ದಳು. ಅವನು ಒಂದೊಂದೇ ಮೆಟ್ಟಿಲು ಹತ್ತಿ, ಬೆವರಿ, ಬಾಗಿಲಲ್ಲಿ ನಿಂತಾಗ ಅವಳ ಬಾಯಿಂದ ಬಂದದ್ದು ಇಷ್ಟೇ:

"ಊಟ ಆಯ್ತಾ?"

"ಇಲ್ಲ," ಅಂದ ಅಂಗಾರ.

ಅವಳು ಒಳಗೆ ಹೋಗಿ ಬಂಗುಡೆ ಸಾರು ಬಿಸಿಗಿಟ್ಟಳು. ಕಣ್ಣು ಸ್ಟವ್ವಿನ ಹೊಗೆಗೆ ಉರಿಯಿತು. (ಕಥೆಗಾರ ಇಲ್ಲಿ ಬೇರೆ ಏನೋ ಬರೆಯಲು ಹೊರಟಿದ್ದ. "ಸ್ಟವ್ವಿನ ಹೊಗೆ ಅಂತಲೇ ಬರೀರಿ" ಎಂದು ಅಪ್ಪಣೆಯಾಯಿತು.)

ಸಂಜೆ ಟ್ರಂಕು ಬಿಚ್ಚುವಾಗ ಖೋಲಿಯಲ್ಲಿ ಕಾಲಿಡಲು ಜಾಗವಿಲ್ಲ. ಆ ಕಾಲದಲ್ಲಿ ಹಡಗಿನವನ ಟ್ರಂಕೆಂದರೆ ಇಡೀ ಚಾಳಿನ ಹಬ್ಬ. ಟ್ರಾನ್ಸಿಸ್ಟರ್ ಬರುತ್ತದೆ, ನೈಲಾನ್ ಸೀರೆ ಬರುತ್ತದೆ, ಸೆಂಟಿನ ಬಾಟ್ಲಿ ಬರುತ್ತದೆ. ಎಲ್ಲರೂ ಮೂಸಿ, ಮುಟ್ಟಿ, ಬೆಳಕಿಗೆ ಹಿಡಿದು ನೋಡಿಯೇ ಮನೆಗೆ ಹೋಗುವುದು. ರಾಜೀವಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಬಿಜಾಪುರದ ಕಡೆಯ ಭಾಗವ್ವ, ಕಟ್ಟಡದ ಕೆಲಸ ಮುಗಿಸಿ ಸಿಮೆಂಟಿನ ಕೈಯನ್ನೂ ತೊಳೆಯದೆ ಬಂದು ಬಾಗಿಲಿಗೆ ಒರಗಿದ್ದಳು.

ಟ್ರಂಕಿನಿಂದ ಉಣ್ಣೆಯ ಸ್ವೆಟರ್ ಬಂತು. ಮೀನಿನ ಡಬ್ಬಿಗಳು ಬಂದವು. ("ಕಾಪಿನವಳಿಗೆ ಡಬ್ಬಿ ಮೀನು!" ಎಂದು ರಾಜೀವಿ ಹಣೆ ಬಡಿದುಕೊಂಡಳು.) ಕೊನೆಗೆ ಒಂದು ಬಟ್ಟೆಯ ಚೀಲ. ಅದರೊಳಗಿಂದ ಅಂಗಾರ ಒಂದು ಮಣಿಸರ ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟ. ಜೇನಿನ ಬಣ್ಣ. ಒಂದು ಮಣಿ ದೊಡ್ಡದು, ಒಂದು ಸಣ್ಣದು, ಯಾವುದೂ ಸರಿಯಾಗಿ ಉರುಟಿಲ್ಲ. ಸೇವಂತಿಗೆ ಮೊದಲು ಅನ್ನಿಸಿದ್ದು: ಇದಕ್ಕೆ ಭಾರವೇ ಇಲ್ಲವಲ್ಲ.

"ಟ್ರಾನ್ಸಿಸ್ಟರ್?" ಯಾರೋ ಕೇಳಿದರು.

"ಇಲ್ಲ."

ರಾಜೀವಿ ಸರವನ್ನು ಎತ್ತಿ ಬಲ್ಬಿಗೆ ಹಿಡಿದಳು, ಉಗುರಿನಿಂದ ತಟ್ಟಿದಳು, ಒಂದು ಮಣಿಯನ್ನು ಹಲ್ಲಿಗೂ ತಾಗಿಸಿದಳು. "ಪ್ಲಾಸ್ಟಿಕ್," ಅಂದಳು. "ಕ್ರಾಫರ್ಡ್ ಮಾರ್ಕೆಟಿನಲ್ಲಿ ಡಝನ್ ಲೆಕ್ಕದಲ್ಲಿ ಸಿಗ್ತದೆ."

೪

ಅಂಗಾರ ಹೇಳಿದ ಕಥೆ ಇದು. ಭಾನುವಾರ ಬೆಳಿಗ್ಗೆ, ಗ್ಯಾಲರಿಯಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು, ಎಲ್ಲರೂ ಕೇಳುವಂತೆ ಹೇಳಿದ. ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು, ಊರುಗೋಲೇ ದೋಣಿಯ ಹುಟ್ಟಾಗುತ್ತಿತ್ತು.

ಸ್ವೀಡನ್ನಿನ ಗೊಟ್ಲಂಡ್ ಎಂಬ ದ್ವೀಪದಲ್ಲಿ ಹಡಗಿಗೆ ಸಿಮೆಂಟ್ ತುಂಬುವಾಗ ಅವನು ಏಣಿಯಿಂದ ಜಾರಿ ಒಳಗೆ ಬಿದ್ದ. ಕಾಲು ಎರಡು ಕಡೆ ಮುರಿಯಿತು. ಅವನನ್ನು ಆಸ್ಪತ್ರೆಗೆ ಸೇರಿಸಿ ಹಡಗು ಹೊರಟುಹೋಯಿತು. ಕೋಲು ಹಿಡಿದು ನಡೆಯಲು ಬಂದ ಮೇಲೆ ಹೊತ್ತು ಹೋಗದೆ ಊರಿನ ಮ್ಯೂಸಿಯಮ್ಮಿಗೆ ಹೋಗತೊಡಗಿದ. ಅಲ್ಲಿ ಕಾವಲಿಗೆ ಕೂರುವ ಒಬ್ಬ ಮುದುಕ ದೋಸ್ತಿಯಾದ.

"ಒಂದು ದಿವಸ ಗಾಜಿನ ಪೆಟ್ಟಿಗೆಯೊಳಗೆ ನೋಡ್ತೇನೆ, ಒಂದು ಕೆಂಪು ಕಲ್ಲಿನ ಮಣಿ. ಸಾವಿರ ವರ್ಷದ ಹಿಂದಿನ ಹೆಂಗಸಿನ ಗೋರಿಯಲ್ಲಿ ಸಿಕ್ಕಿದ್ದಂತೆ. ಮುದುಕ ನನ್ನ ಮುಖ ನೋಡ್ತಾನೆ, ಮಣಿ ನೋಡ್ತಾನೆ. 'ಇಂಡಿಯಾ!' ಅಂದ. ನಾನು 'ಹೌದು, ನಾನು ಇಂಡಿಯಾ' ಅಂದೆ. 'ನೀನಲ್ಲ, ಮಣಿ!' ಅಂದ."

ಗ್ಯಾಲರಿ ನಕ್ಕಿತು.

"ನಮ್ಮ ಗುಜರಾತ್ ಕಡೆಯ ಕಲ್ಲಂತೆ ಅದು. ಅಲ್ಲಿಂದ ಅರಬ್ಬಿಯವರ ಹಡಗಿನಲ್ಲಿ ಬಸ್ರಾ, ಬಗ್ದಾದ್. ಅಲ್ಲಿಂದ ಒಂಟೆ. ಮತ್ತೆ ರಷ್ಯಾದ ದೊಡ್ಡ ದೊಡ್ಡ ಹೊಳೆ. ಆ ವೈಕಿಂಗ್ ಜನ ಉಂಟಲ್ಲ, ಅವರು ಹೊಳೆಯಲ್ಲಿ ದೋಣಿ ತಗೊಂಡು ಬರುದು. ಹೊಳೆ ಮುಗೀತಾ, ದೋಣಿಯನ್ನೇ ಹೆಗಲಿಗೆ ಏರಿಸಿ ಇನ್ನೊಂದು ಹೊಳೆಗೆ ಹಾಕುದು! ಅಲ್ಲಿಯ ರೈತರು ಹೊಲ ಉಳುವಾಗ ಈಗಲೂ ಬೆಳ್ಳಿ ನಾಣ್ಯ ಸಿಗ್ತದೆ. ಮೇಲೆ ಅರಬ್ಬಿ ಅಕ್ಷರ. ಇನ್ನೊಂದು ಊರಲ್ಲಿ ಮಣ್ಣು ತೋಡುವಾಗ ಬುದ್ಧನ ಸಣ್ಣ ಮೂರ್ತಿಯೇ ಸಿಕ್ಕಿತಂತೆ, ಮುದುಕ ಚಿತ್ರ ತೋರಿಸಿದ."

"ಬುದ್ಧ ಅಲ್ಲಿಗೆ ಯಾಕ ಹೋಗಿದ್ನೋ ಯಪ್ಪಾ?" ಭಾಗವ್ವ ಕೇಳಿದಳು.

"ಹೋದದ್ದಲ್ಲ ಭಾಗವ್ವ, ಕೈಯಿಂದ ಕೈಗೆ ದಾಟಿದ್ದು."

"ಅವ ದೇವರು ಅನ್ನೂದು ಅವರಿಗೆ ಗೊತ್ತಿತ್ತೇನು?"

"ಯಾರಿಗೆ ಗೊತ್ತು? ಚಂದ ಕಂಡಿರಬೇಕು."

"ಅಷ್ಟೆಲ್ಲಾ ತಗೊಂಡು ಅವ್ರು ಏನ್ ಕೊಡತಿದ್ರು?"

ಅಂಗಾರ ಊರುಗೋಲನ್ನು ಕೆಳಗಿಳಿಸಿದ. "ತುಪ್ಪಳ ಕೊಡ್ತಿದ್ರು, ಕತ್ತಿ ಕೊಡ್ತಿದ್ರು. ಮನುಷ್ಯರನ್ನೂ ಕೊಡ್ತಿದ್ರು. ಹಿಡಿದು, ಕಟ್ಟಿ, ದೋಣಿಗೆ ಹಾಕಿ ಮಾರುದು. ಅದನ್ನು ಹೇಳುವಾಗ ಮುದುಕ ಮುಖ ಆಚೆ ಮಾಡಿದ. ಮತ್ತೆ ಇದನ್ನು ಕೊಡ್ತಿದ್ರು." ಹೆಂಡತಿಯ ಕೈಯಲ್ಲಿದ್ದ ಸರವನ್ನು ತೋರಿಸಿದ. "ಅಂಬರ್. ಮರದ ಅಂಟು. ಹಾಲುಮಡ್ಡಿ ಉಂಟಲ್ಲ, ಹಾಗೆ. ಕೋಟಿಗಟ್ಟಲೆ ವರ್ಷ ಸಮುದ್ರದ ಅಡಿಯಲ್ಲಿ ಕೂತು ಕಲ್ಲಾದದ್ದು. ಬಂದರಿನ ಸಂತೆಯಲ್ಲಿ ಒಬ್ಬಳು ಮುದುಕಿ ಮಾರ್ತಿದ್ದಳು."

(ಕನ್ನಡ ನಿಘಂಟಿನಲ್ಲಿ ಇದಕ್ಕೆ ತೃಣಮಣಿ ಎಂದಿದೆ. ಉಜ್ಜಿದರೆ ಹುಲ್ಲುಕಡ್ಡಿಯನ್ನು ಎಳೆದುಕೊಳ್ಳುವ ಮಣಿ. ಕಥೆಗಾರ ಈ ಮಾತನ್ನು ಎಲ್ಲಾದರೂ ತುರುಕಬೇಕೆಂದು ಆಗಿನಿಂದ ಕಾಯುತ್ತಿದ್ದ.)

"ಮುದುಕಿಗೆ ಎಂತ ಕೊಟ್ಟೆ?" ರಾಜೀವಿ ಕೇಳಿದಳು.

ಅಂಗಾರ ಹೆಂಡತಿಯ ಕಡೆ ನೋಡಿ ನಾಚಿದ. "ಏಲಕ್ಕಿ. ಹಡಗಿನಲ್ಲಿ ಹೊಟ್ಟೆ ತೊಳಸಿದ್ರೆ ಅಂತ ಇವಳು ಕಟ್ಟಿಕೊಟ್ಟಿದ್ದಳಲ್ಲ. ನಾನು ಬಾಯಿಗೆ ಹಾಕುವಾಗ ಮುದುಕಿಗೆ ಪರಿಮಳ ಸಿಕ್ಕಿತು. ಅಲ್ಲಿಯವರು ಏಲಕ್ಕಿ ಹಾಕದೆ ಬನ್ನು ಮಾಡುದಿಲ್ಲ. ಪೊಟ್ಟಣ ಹಾಗೇ ಎತ್ತಿಕೊಂಡಳು, ಸರ ತೆಗೆದು ನನ್ನ ಕೈಗಿಟ್ಟಳು."

"ಏಲಕ್ಕಿಗೆ ಸರ ಕೊಟ್ಟಳಂತೆ!" ರಾಜೀವಿ ಎಲ್ಲರ ಮುಖ ನೋಡಿದಳು. "ಮುದುಕಿಯಾ ಅಂಗಾರ? ಸರಿ ನೋಡಿದ್ದೀಯಾ? ಎಷ್ಟು ವರ್ಷದ ಮುದುಕಿ?"

ಈ ಸಲ ಗ್ಯಾಲರಿ ಬೇರೆ ತರ ನಕ್ಕಿತು. ಸೇವಂತಿಯ ಕಿವಿ ಬಿಸಿಯಾಯಿತು. ಬಾಗಿಲ ಹೊರಗೆ ನಿಂತಿದ್ದ ಆ ಬಿಳಿ ಹೆಂಗಸು ಈಗ ಹೊಸ್ತಿಲೊಳಗೆ ಒಂದು ಕಾಲಿಟ್ಟ ಹಾಗೆ.

"ಪ್ಲಾಸ್ಟಿಕ್ ಅಲ್ಲ ರಾಜೀವಕ್ಕ," ಅಂದ ಅಂಗಾರ. ದನಿ ಏರಿತ್ತು. "ಮುದುಕಿಯೇ ಹೇಳಿದ್ದಾಳೆ. ಗಾಜೂ ಪ್ಲಾಸ್ಟಿಕ್ಕೂ ಉಪ್ಪುನೀರಿನಲ್ಲಿ ಮುಳುಗ್ತದೆ. ಅಂಬರ್ ತೇಲ್ತದೆ."

"ಹೌದಾ?" ರಾಜೀವಿ ಎದ್ದೇಬಿಟ್ಟಳು. "ಹಾಗಾದ್ರೆ ನೋಡಿಯೇಬಿಡುವ."

೫

ಗಂಡನ ಹೋಟೆಲಿನಿಂದ ಬಂದಿದ್ದ ಬಿಸ್ಕತ್ತಿನ ಗಾಜಿನ ಭರಣಿಯನ್ನು ರಾಜೀವಿ ತೊಳೆದು ತಂದಳು. ನೀರು ತುಂಬಿತು. ಒಂದು ಹಿಡಿ ಉಪ್ಪು ಬಿತ್ತು. ಕೆಳಮಾಳಿಗೆಯವರು ಮೇಲೆ ಬಂದರು, ಮೇಲಿನವರು ಕೆಳಗೆ ಬಂದರು. ಮಕ್ಕಳು ದೊಡ್ಡವರ ಕಾಲಿನ ಸಂದಿಯಲ್ಲಿ ತೂರಿ ಮುಂದೆ ಕೂತವು.

ಸೇವಂತಿ ಸರದ ದಾರ ಕತ್ತರಿಸಿ ಒಂದು ಮಣಿ ಬಿಡಿಸಿದಳು. ಬೆರಳಿನ ನಡುವೆ ಅದು ಬೆಚ್ಚಗಿತ್ತು. ಅವಳಿಗೆ ಚೆನ್ನಾಗಿ ಗೊತ್ತಿತ್ತು, ಈಗ ನೀರಿಗೆ ಬೀಳುವುದು ಬರೀ ಮಣಿಯಲ್ಲ. ಮಣಿ ಪ್ಲಾಸ್ಟಿಕ್ಕಾದರೆ ಮುದುಕಿ ಸುಳ್ಳು. ಮುದುಕಿ ಸುಳ್ಳಾದರೆ ಮ್ಯೂಸಿಯಂ ಸುಳ್ಳು, ಆಸ್ಪತ್ರೆ ಸುಳ್ಳು, ಆ ಮಳೆಗಾಲ ಪೂರ್ತಿ ಸುಳ್ಳು.

ಬಿಟ್ಟಳು.

ಮಣಿ ಸೀದಾ ಕೆಳಗಿಳಿದು ಭರಣಿಯ ತಳಕ್ಕೆ ತಾಗಿತು. ಟಿಕ್.

ರಾಜೀವಿ ಕೂಡ ನಗಲಿಲ್ಲ. ಅವಳ ಮುಖ, ಯಾಕಪ್ಪಾ ಈ ಭರಣಿ ತಂದೆ ಎನ್ನುವ ಹಾಗೆ ಸಣ್ಣದಾಗಿತ್ತು.

(ಕಥೆಗಾರ ಹಿಂದಿನ ಪುಟ ತಿರುವಿ ನೋಡಿದ. ಅವನು ತೇಲಿಸುವುದೆಂದೇ ಪ್ಲಾನ್ ಮಾಡಿದ್ದ. ಆಣೆಗೂ ಹೇಳುತ್ತಾನೆ, ಅವನು ಮುಳುಗಿಸಿದ್ದಲ್ಲ. ಗಾಬರಿಯಲ್ಲಿ ಎರಡು ಅಂತ್ಯಗಳನ್ನು ಗೀಚಿದ.

ಅ: ಸೇವಂತಿ ಭರಣಿಯನ್ನೆತ್ತಿ ಎರಡನೇ ಮಾಳಿಗೆಯಿಂದ ಕೆಳಗೆ ಎಸೆಯುತ್ತಾಳೆ. "ಕೆಳಗೆ ಜನ ಓಡಾಡ್ತಾರೆ! ತಲೆ ಉಂಟಾ ನಿಮಗೆ?" ಎಂದಳು ಸೇವಂತಿ.

ಆ: ಅಂಗಾರ ಕುಸಿದು ಕೂತು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. "ಎಂತದ್ದನ್ನು ಒಪ್ಪಿಕೊಳ್ಳುದು ಮಾರಾಯ್ರೆ? ಅದನ್ನಾದ್ರೂ ಹೇಳಿ," ಎಂದ ಅಂಗಾರ.)

"ಉಪ್ಪು ಕಮ್ಮಿ," ಅಂದ ಅಂಗಾರ, ಭರಣಿಯಿಂದ ಕಣ್ಣು ಕೀಳದೆ. ಬಹಳ ಸಣ್ಣ ದನಿ.

ಸೇವಂತಿ ಅವನ ಮುಖ ನೋಡಿದಳು. ಸುಳ್ಳು ಹೇಳುವವನು ಜನರ ಮುಖ ನೋಡುತ್ತಾನೆ. ಇವನು ಮಣಿಯನ್ನು ನೋಡುತ್ತಿದ್ದ. ದಡದಲ್ಲಿ ನಿಂತು ದೋಣಿ ಬರುತ್ತದೋ ಎಂದು ಕಾಯುವವರ ಹಾಗೆ. ಆ ನೋಟ ಅವಳಿಗೆ ಹೊಸತಲ್ಲ. ಮಳೆಗಾಲ ಪೂರ್ತಿ ಹಾಗೆ ನೋಡಿದವಳು ಅವಳೇ.

ಸೆರಗನ್ನು ಸೊಂಟಕ್ಕೆ ಬಿಗಿದಳು. "ಉಪ್ಪು ತನ್ನಿ."

ತನ್ನ ಡಬ್ಬಿಯನ್ನು ಪೂರ್ತಿ ಮಗುಚಿದಳು. ಸೌಟಿನಿಂದ ತಿರುವಿದಳು. ಮಣಿ ಏಳಲಿಲ್ಲ. "ನಮ್ಮನ್ಯಾಗ ಐತಿ, ತಡೀ ಯವ್ವಾ," ಎಂದು ಭಾಗವ್ವ ಓಡಿ, ಮಡಿಲಿನಲ್ಲಿ ಕಲ್ಲುಪ್ಪು ತುಂಬಿಕೊಂಡು ಬಂದಳು. ಅದೂ ಬಿತ್ತು. ಉಪ್ಪು ಕರಗಲೊಲ್ಲದು. ಯಾರೋ ಬಿಸಿನೀರು ತಂದರು. ಅಷ್ಟರಲ್ಲಿ ಚಾಳಿಗೆ ಹುಚ್ಚೇ ಹಿಡಿಯಿತು. ಮರಾಠಿ ಮನೆಯಿಂದ ಮೀಠ್ ಬಂತು, ತಮಿಳರ ಮನೆಯಿಂದ ಉಪ್ಪು ಬಂತು, ಯು.ಪಿ.ಯ ಭೈಯಾನ ಖೋಲಿಯಿಂದ ನಮಕ್ ಬಂತು. "ಔರ್ ಡಾಲೋ!" ಎಂದು ಮಕ್ಕಳು ಕೂಗಿದವು. ಎಲ್ಲರ ಉಪ್ಪೂ ಒಂದೇ ಭರಣಿಯಲ್ಲಿ ಬೆಳ್ಳಗೆ ಸುತ್ತಿತು. ನೀರು ಮಬ್ಬಾಗಿ ಮಣಿಯೇ ಕಾಣದಾಯಿತು.

ಕೊನೆಗೆ ರಾಜೀವಿ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಉಪ್ಪಿನಕಾಯಿಗೆಂದು ಎತ್ತಿಟ್ಟಿದ್ದ ಉಪ್ಪಿನ ಪೊಟ್ಟಣವಿತ್ತು. "ಇದನ್ನೂ ಹಾಕು," ಅಂದಳು, ಸೇವಂತಿಯ ಕಣ್ಣು ತಪ್ಪಿಸಿ. "ಮುಳುಗಿದ್ರೆ ನನ್ನ ಉಪ್ಪು ಸಾಕಾಗಲಿಲ್ಲ ಅಂತ ಆಗ್ಬಾರ್ದು."

ಸೇವಂತಿ ತಿರುವಿದಳು, ತಿರುವಿದಳು, ರಟ್ಟೆ ಸೋತಿತು. ಸೌಟು ತೆಗೆದಳು. ಸುಳಿ ನಿಂತಿತು. ಉಪ್ಪು ಮೆಲ್ಲನೆ ತಳಕ್ಕೆ ಕೂತು ನೀರು ತಿಳಿಯಾಗತೊಡಗಿತು. ತಳದಲ್ಲಿ ಬರೀ ಉಪ್ಪು. ಮಣಿ ಇಲ್ಲ.

"ಅಯ್ಯೋ, ಕರಗೇ ಹೋತಲ್ಲ!" ಎಂದಳು ಭಾಗವ್ವ.

"ಊಪರ್! ಊಪರ್ ದೇಖೋ!"

ನೀರಿನ ಮೇಲೆ, ಭರಣಿಯ ಅಂಚಿಗೆ ತಾಗಿಕೊಂಡು, ಬೆಳಗಿನ ಬಿಸಿಲಿಗೆ ಉರಿಯುತ್ತಾ, ಮಣಿ ಕುಣಿಯುತ್ತಿತ್ತು. ಸೇವಂತಿ ಬೆರಳಿನಿಂದ ಒತ್ತಿದಳು. ಮುಳುಗಿತು. ಬಿಟ್ಟಳು. ಪುಟಿದು ಮೇಲೆ ಬಂತು. ಇನ್ನೊಮ್ಮೆ ಒತ್ತಿದಳು. ಇನ್ನೊಮ್ಮೆ ಬಂತು.

"ತೈರ್ ಗಯಾ! ತೈರ್ ಗಯಾ!" ಚಾಳು ಎಬ್ಬಿಸಿದ ಬೊಬ್ಬೆಗೆ ಹಾರ್ಬರ್ ಲೈನಿನ ರೈಲು ಹೋದದ್ದೇ ಯಾರಿಗೂ ಕೇಳಿಸಲಿಲ್ಲ. ಭಾಗವ್ವ ಒದ್ದೆ ಕೈಯಲ್ಲೇ ಸೇವಂತಿಯ ಕೆನ್ನೆ ಸವರಿ ನೆಟಿಗೆ ಮುರಿದಳು. ರಾಜೀವಿ ಮಣಿಯನ್ನು ತಾನೂ ಒಂದು ಸಲ ಒತ್ತಿ ನೋಡಿ, "ಸರಿ ಮಾರಾಯ, ಮುದುಕಿಯೇ," ಅಂದಳು. ಅಂಗಾರ ಊರುಗೋಲನ್ನು ಮರೆತು ಎದ್ದು ನಿಂತಿದ್ದ.

(ಇಲ್ಲಿ ಒಬ್ಬ ಫಿಸಿಕ್ಸ್ ಮೇಷ್ಟ್ರು ಓದುಗರು ಕೈ ಎತ್ತಿದ್ದಾರೆ. ಅಷ್ಟು ಉಪ್ಪು ಸುರಿದರೆ ಕೆಲವು ಜಾತಿಯ ಪ್ಲಾಸ್ಟಿಕ್ಕೂ ತೇಲುತ್ತದೆ ಎನ್ನುತ್ತಾರೆ. ನಿಜ ಸಾರ್. ಕಥೆಗಾರನಿಗೂ ಅದು ತಡವಾಗಿ ಗೊತ್ತಾಯಿತು. ದಯವಿಟ್ಟು ರಾಜೀವಿಗೆ ಹೇಳಬೇಡಿ.)

೬

ಕಥೆ ಇಲ್ಲಿಗೆ ಮುಗಿಯಬೇಕು. ಮಣಿ ತೇಲಿತು, ಮಾನ ಉಳಿಯಿತು. ಬೇಕಿದ್ದರೆ ಆ ಕೆಂಪು ಗಡ್ಡದವನನ್ನು ಮತ್ತೆ ಕರೆತಂದು, ಸಾವಿರ ವರ್ಷದ ವ್ಯಾಪಾರದ ಬಗ್ಗೆ ಒಂದು ತೂಕದ ವಾಕ್ಯ ಹೇಳಿಸಿ ಪರದೆ ಎಳೆಯಬಹುದು. ಕಥೆಗಾರ ಆ ವಾಕ್ಯವನ್ನು ಹುಡುಕುತ್ತಾ ಅಂಗಾರನ ಖೋಲಿಯ ಮೂಲೆಯಲ್ಲಿ ಕೂತ.

ಜನ ಕರಗಿದ್ದರು. ಸೇವಂತಿ ಮಣಿಯನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿದಳು. ಹೊಸ ದಾರಕ್ಕೆ ಮಣಿಗಳನ್ನು ಒಂದೊಂದಾಗಿ ಪೋಣಿಸಿದಳು. ಅಂಗಾರ ಗೋಡೆಗೊರಗಿ ಕೂತು ನೋಡುತ್ತಿದ್ದ. ಗೆದ್ದವನ ಮುಖ.

"ಚಂದ ಉಂಟು," ಅಂದಳು.

"ಹೌದಲ್ವಾ?"

"ಹೌದು. ಮಣಿ ನಿಜ." ದಾರಕ್ಕೆ ಗಂಟು ಹಾಕಿದಳು. ತಲೆ ಎತ್ತಲಿಲ್ಲ. "ಒಂದು ಕೇಳ್ತೇನೆ. ನಿಮ್ಮದು ಮುರಿದದ್ದು ಕಾಲಲ್ವಾ?"

"ಹೌದು."

"ಕೈ ಅಲ್ಲ."

ಅಂಗಾರನ ಮುಖದಿಂದ ಗೆಲುವು ಇಳಿಯಿತು.

"ಮತ್ತೆ ಯಾಕೆ ಬರೀಲಿಲ್ಲ?"

ಈ ಪ್ರಶ್ನೆಯನ್ನು ಚಾಳಿನಲ್ಲಿ ಯಾರೂ ಕೇಳಿರಲಿಲ್ಲ. ಕಥೆಗಾರನಿಗೂ ಹೊಳೆದಿರಲಿಲ್ಲ. ಇದನ್ನು ಹಾಕಿ ನೋಡಲು ಯಾವ ಭರಣಿಯೂ ಇಲ್ಲ. ಕಥೆಗಾರ ಗಡಿಬಿಡಿಯಿಂದ ಅಂಗಾರನಿಗೆ ಒಂದು ಉತ್ತರ ಬರೆದುಕೊಟ್ಟ: ಅಂಚೆ ಕಳೆದುಹೋಗಿರಬೇಕು. ಅಂಗಾರ ಅದನ್ನು ಓದಿ ಪಕ್ಕಕ್ಕಿಟ್ಟ. ಇನ್ನೊಂದು ಬರೆದುಕೊಟ್ಟ: ನೀನು ಗಾಬರಿಯಾಗುತ್ತೀ ಎಂದು. ಅದನ್ನೂ ಪಕ್ಕಕ್ಕಿಟ್ಟ. ಊರುಗೋಲನ್ನು ಅಂಗೈಯಲ್ಲಿ ತಿರುಗಿಸುತ್ತಾ ತಾನೇ ಬಾಯಿಬಿಟ್ಟ.

"ದಿನಾ ಕೂರ್ತಿದ್ದೆ ಸೇವಂತಿ, ಬರೀಲಿಕ್ಕೆ…"

ಸೇವಂತಿ ಕೈ ಎತ್ತಿ ಅವನನ್ನು ತಡೆದಳು. ನಿಧಾನವಾಗಿ ಮೂಲೆಯ ಕಡೆ ತಿರುಗಿದಳು. ಕಥೆಗಾರ ಪೆನ್ನು ಹಿಡಿದುಕೊಂಡು ಮುಂದೆ ಬಾಗಿದ್ದ.

"ಇನ್ನು ನೀವು ಹೊರಗೆ ಹೋಗಿ."

"ಒಂದೇ ಪ್ಯಾರಾ ಸೇವಂತಿ. ಓದುವವರು ಕಾಯ್ತಾ ಇದ್ದಾರೆ…"

"ಅವರನ್ನೂ ಕರ್ಕೊಂಡು ಹೋಗಿ."

ಬನ್ನಿ. ಚಪ್ಪಲಿ ಹಾಕಿಕೊಳ್ಳಿ.